ಕೊಲಾಜೆನ್ ಪುಡಿ ಕುಡಿದರೆ ಸವೆದ ಮಂಡಿ ಬೆಳೆಯುತ್ತದೆಯೇ? ರಾಮಚಂದ್ರನ್ ಬಿಡಿಸಿದ ಗಂಟು

ಹುಬ್ಬಳ್ಳಿಯ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳಿಸಿದ್ದಾರೆ. ದಿನಾ ಒಂದು ಚಮಚ ಕೊಲಾಜೆನ್ ಪುಡಿ ಕುಡಿದರೆ ಸವೆದ ಮಂಡಿ ಹೊಸದಾಗಿ ಬೆಳೆಯುತ್ತದಂತೆ, ಆಪರೇಷನ್ ಬೇಡವಂತೆ. ತಾಯಿಯ ಆಪರೇಷನ್ ಮುಂದೂಡಲೇ ಎಂಬುದು ಅವರ ಪ್ರಶ್ನೆ.

ಕೊಲಾಜೆನ್ ನಮ್ಮ ಚರ್ಮ, ಮೂಳೆ, ಕೀಲುಗಳನ್ನು ಹಿಡಿದಿಡುವ ಪ್ರೋಟೀನ್. ಅದರ ಒಳರಚನೆಯ ಗಂಟು ಬಿಡಿಸಿದವರು ಜಿ.ಎನ್. ರಾಮಚಂದ್ರನ್. 1922ರಲ್ಲಿ ಕೇರಳದ ಎರ್ನಾಕುಲಂನಲ್ಲಿ ಹುಟ್ಟಿದ ಇವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು. ಸರ್ ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಮುಂದೆ ಕೇಂಬ್ರಿಜ್‌ಗೆ ಹೋಗಿಬಂದು, ಇನ್ನೂ ಮೂವತ್ತರ ಆಸುಪಾಸಿನಲ್ಲೇ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅಲ್ಲಿಯೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ತರಿಸಿ, ಅದರ ಮೂಲಕ ಎಕ್ಸ್-ರೇ ಹಾಯಿಸಿದರು. 1954ರಲ್ಲಿ ಗೋಪಿನಾಥ ಕರ್ತಾ ಜೊತೆಗೂಡಿ, ಕೊಲಾಜೆನ್ ಮೂರೆಳೆಯ ರಚನೆ ಎಂದು ಪ್ರಕಟಿಸಿದರು. ಎಳೆಗಳು ಹಗ್ಗದಂತೆ ಒಂದಕ್ಕೊಂದು ಹುರಿಗೊಂಡಿವೆ ಎಂಬುದು ಮರುವರ್ಷ ಸೇರಿತು. ಹುರಿಯ ನಡುವೆ ಜಾಗ ಎಷ್ಟು ಇಕ್ಕಟ್ಟೆಂದರೆ, ಪ್ರತಿ ಮೂರನೆಯ ಸ್ಥಾನದಲ್ಲಿ ಎಲ್ಲಕ್ಕಿಂತ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸಿನ್ ಮಾತ್ರ ಕೂರಬಲ್ಲದು.

ಆದರೆ ಡಿಎನ್‌ಎ ಖ್ಯಾತಿಯ ಕ್ರಿಕ್ ಮತ್ತು ಅವರ ಜೊತೆಗಾರ ರಿಚ್ ಆಕ್ಷೇಪ ಎತ್ತಿದರು. ಈ ಮಾದರಿಯಲ್ಲಿ ಪರಮಾಣುಗಳು ತೀರಾ ಒತ್ತೊತ್ತಾಗಿವೆ ಎಂಬುದು ಅವರ ತಕರಾರು. ರಾಮಚಂದ್ರನ್ ಜಗಳಕ್ಕೆ ನಿಲ್ಲಲಿಲ್ಲ, ಲೆಕ್ಕಕ್ಕೆ ಕೂತರು. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ಅಳೆದ ಆ ಕೆಲಸದಿಂದಲೇ 1963ರಲ್ಲಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆಗೆ, ರಾಮಚಂದ್ರನ್ ನಕ್ಷೆ ಹುಟ್ಟಿತು. ಪ್ರೋಟೀನಿನ ರಚನೆ ಸರಿಯಿದೆಯೇ ಎಂದು ಇಂದಿಗೂ ಪರೀಕ್ಷಿಸುವುದು ಇದರಿಂದಲೇ. ಕೊಲಾಜೆನ್ನಿನ ಸಣ್ಣ ವಿವರಗಳು ತಿದ್ದುಪಡಿಯಾದವು, ಮೂರೆಳೆ ಉಳಿಯಿತು. ಬಳಿಕ ಬೆಂಗಳೂರಿಗೆ ಮರಳಿ ಅಣು ಜೈವಿಕ ಭೌತಶಾಸ್ತ್ರ ವಿಭಾಗ ಕಟ್ಟಿದ ಅವರು 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ, ಅದು ನಮಗೆ ಇನ್ನೂ ಚುಚ್ಚುವ ಸಂಗತಿ.

ಕೊಲಾಜೆನ್ನಿಂದ ಅಂಗಾಂಶ ಬೆಳೆಸುವುದು ಸುಳ್ಳಲ್ಲ. ಅದನ್ನು ಸ್ಪಂಜಿನಂತೆ ಮಾಡಿ ಗಾಯದ ಮೇಲೆ ಕೂರಿಸಿದರೆ, ಕಟ್ಟಡದ ಸಾರುವೆಯ ಹಾಗೆ ಕೆಲಸ ಮಾಡುತ್ತದೆ. ಸುತ್ತಲ ಜೀವಕೋಶಗಳು ಅದರ ರಂಧ್ರಗಳಿಗೆ ನುಗ್ಗಿ ತಮ್ಮದೇ ಕೊಲಾಜೆನ್ ನೇಯುತ್ತವೆ, ಹಾಕಿದ್ದು ನಿಧಾನಕ್ಕೆ ಕರಗುತ್ತದೆ. 1981ರಲ್ಲೇ ಅಮೆರಿಕದ ಬರ್ಕ್ ಮತ್ತು ಯಾನಸ್, ದನದ ಕೊಲಾಜೆನ್ ಹಾಗೂ ಶಾರ್ಕ್ ಮೀನಿನ ಅಂಶ ಬಳಸಿ ಸುಟ್ಟಗಾಯದವರಿಗೆ ಇಂಥ ಚರ್ಮ ಹಾಕಿದ್ದರು. ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಕೂಡ ಇದೇ ಜಾತಿಯದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇಂಥ ಪಾಲಿಮರ್‌ಗಳ ಮೇಲೆ ಸಂಶೋಧನೆ ನಡೆದಿದೆ.

ಇದೆಲ್ಲ ಗಾಯದ ಜಾಗದಲ್ಲೇ ಇಡುವ ಮಾತು. ಕುಡಿದ ಪುಡಿಯ ಕಥೆ ಬೇರೆ. ಹೊಟ್ಟೆ, ಕರುಳು ಆ ಹುರಿಯನ್ನು ಬಿಚ್ಚಿ ಅಮೈನೊ ಆಮ್ಲ, ಚಿಕ್ಕ ತುಣುಕುಗಳಾಗಿ ಮಾಡುತ್ತವೆ. ಅವು ಮಂಡಿಗೇ ಹೋಗಿ ಮತ್ತೆ ಹುರಿಗೊಳ್ಳುವುದಿಲ್ಲ. ನೋವು ಕೊಂಚ ಕಡಿಮೆಯಾಗಿದೆ ಎನ್ನುವ ಅಧ್ಯಯನಗಳಿವೆ, ಅವುಗಳಲ್ಲಿ ಹಲವಕ್ಕೆ ಹಣ ಹಾಕಿದ್ದು ಪುಡಿ ಮಾರುವವರೇ. ಸವೆದ ಮೃದ್ವಸ್ಥಿ ಹೊಸದಾಗಿ ಬೆಳೆದದ್ದಕ್ಕೆ ಪುರಾವೆಯಿಲ್ಲ. ದೇಹ ತನ್ನ ಕೊಲಾಜೆನ್ ತಾನೇ ನೇಯಲು ಬೇಕಾದದ್ದು ಸಾಕಷ್ಟು ಪ್ರೋಟೀನ್ ಮತ್ತು ವಿಟಮಿನ್ ಸಿ, ಅಂದರೆ ಬೇಳೆ, ನಿಂಬೆಹಣ್ಣು, ನೆಲ್ಲಿಕಾಯಿ. ಅಂದಹಾಗೆ, ಆ ಪುಡಿ ಬರುವುದು ದನ, ಹಂದಿ ಅಥವಾ ಮೀನಿನಿಂದ. ಸಸ್ಯಾಹಾರಿಗಳು ಡಬ್ಬಿಯ ಮೇಲೆ ಓದಿ ನೋಡಿ.

ಹುಬ್ಬಳ್ಳಿಯ ಓದುಗರೇ, ಪುಡಿ ನಂಬಿ ಅಮ್ಮನ ಆಪರೇಷನ್ ಮುಂದೂಡಬೇಡಿ. ಅನುಮಾನವಿದ್ದರೆ ಅದೇ ಎಕ್ಸ್-ರೇ ಹಿಡಿದು ಇನ್ನೊಬ್ಬ ಮೂಳೆ ವೈದ್ಯರನ್ನು ಕಾಣಿ.