ಗಡಿನಾಡಿನ ಶಾಂತಿಸಾಧಕ ರಾಬರ್ಟ್ ಶೂಮಾನ್



ನೆರೆಮನೆಯವರೊಡನೆ ಬೇಲಿಯ ಜಗಳವಾಗಿ ಮಾತು ನಿಂತುಹೋದರೆ, ಮತ್ತೆ ಮೊದಲು ಮಾತನಾಡಿಸುವವರು ಯಾರು? ಸೋತವನಿಗೆ ಅವಮಾನ, ಗೆದ್ದವನಿಗೆ ಬಿಗುಮಾನ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಫ್ರಾನ್ಸ್ ಮತ್ತು ಜರ್ಮನಿಗಳ ಸ್ಥಿತಿ ಹೀಗೆಯೇ ಇತ್ತು. 1870ರಿಂದೀಚೆಗೆ ಅವು ಮೂರು ಬಾರಿ ಕಾದಾಡಿದ್ದವು. ಅಂಥ ನೆರೆಯವನತ್ತ ಮೊದಲು ಕೈಚಾಚಿದವರು ರಾಬರ್ಟ್ ಶೂಮಾನ್.

ಅವರು 1886ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಹುಟ್ಟಿದರು. ತಂದೆ ಲೊರೇನ್ ಪ್ರಾಂತ್ಯದವರು. 1871ರಲ್ಲಿ ಆ ಗಡಿನಾಡು ಜರ್ಮನಿಯ ಪಾಲಾದ್ದರಿಂದ ಮಗ ಜರ್ಮನ್ ಪ್ರಜೆಯಾಗಿಯೇ ಬೆಳೆದರು. ಮೊದಲ ಮಹಾಯುದ್ಧದ ನಂತರ ಲೊರೇನ್ ಮರಳಿ ಫ್ರಾನ್ಸ್‌ಗೆ ಸೇರಿತು. ಶೂಮಾನ್ ಫ್ರೆಂಚ್ ಪ್ರಜೆಯಾದರು. ಮನೆ ಬದಲಾಗಲಿಲ್ಲ, ಧ್ವಜ ಮಾತ್ರ ಬದಲಾಯಿತು. ದ್ವೇಷದ ಬೆಲೆಯನ್ನು ಗಡಿಯ ಜನರಷ್ಟು ಬಲ್ಲವರು ಯಾರು?

1911ರಲ್ಲಿ ತಾಯಿ ಕುದುರೆಗಾಡಿಯ ಅಪಘಾತದಲ್ಲಿ ತೀರಿಕೊಂಡಾಗ, ಯುವಕ ಶೂಮಾನ್ ಗುರುವಾಗಬೇಕೆಂದು ಯೋಚಿಸಿದರು. ಗೃಹಸ್ಥ ವಿಶ್ವಾಸಿಯಾಗಿಯೇ ದೇವರ ಸೇವೆ ಮಾಡುವಂತೆ ಗೆಳೆಯರೊಬ್ಬರು ಬುದ್ಧಿ ಹೇಳಿದರು. ಶೂಮಾನ್ ಮೆಟ್ಸ್ ನಗರದಲ್ಲಿ ವಕೀಲರಾದರು, 1919ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಮದುವೆಯಾಗಲಿಲ್ಲ. ದಿನನಿತ್ಯದ ಬಲಿಪೂಜೆಯನ್ನು ಅಧಿಕಾರದಲ್ಲಿದ್ದಾಗಲೂ ಬಿಡಲಿಲ್ಲ.

ಅವರ ಬದುಕಿನಲ್ಲಿ ವಿವಾದವೂ ಇತ್ತು. 1940ರ ಜುಲೈಯಲ್ಲಿ ಮಾರ್ಷಲ್ ಪೆತಾಂಗೆ ಪೂರ್ಣಾಧಿಕಾರ ಕೊಡುವ ನಿರ್ಣಯಕ್ಕೆ ಅವರೂ ಮತ ನೀಡಿದ್ದರು. ಯುದ್ಧಾನಂತರ ಅದಕ್ಕೆ ಉತ್ತರ ಹೇಳಬೇಕಾಯಿತು. ಆದರೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೆಸ್ಟಾಪೊ ಅವರನ್ನು ಸೆರೆಹಿಡಿಯಿತು. 1942ರಲ್ಲಿ ಜರ್ಮನಿಯ ಗೃಹಬಂಧನದಿಂದ ತಪ್ಪಿಸಿಕೊಂಡು, ಫ್ರಾನ್ಸ್ ಬಿಡುಗಡೆಯಾಗುವವರೆಗೆ ಮಠಗಳಲ್ಲಿ ತಲೆಮರೆಸಿಕೊಂಡಿದ್ದರು.

1948ರಲ್ಲಿ ಅವರು ಫ್ರಾನ್ಸ್‌ನ ವಿದೇಶಾಂಗ ಸಚಿವರಾದಾಗ, ಸೋವಿಯತ್ ಒಕ್ಕೂಟ ಪಶ್ಚಿಮ ಬರ್ಲಿನ್‌ಗೆ ದಿಗ್ಬಂಧನ ಹಾಕಿತ್ತು. ಪಶ್ಚಿಮ ಜರ್ಮನಿಯ ಕೈಗಾರಿಕೆ ಚೇತರಿಸಿಕೊಳ್ಳಲೆಂಬುದು ಅಮೆರಿಕದ ಒತ್ತಾಯ. ಆ ಉಕ್ಕು ಮತ್ತೆ ಫಿರಂಗಿಯಾದೀತೆಂಬುದು ಫ್ರೆಂಚರ ಭಯ. ಮೇಲಾಗಿ ಕಲ್ಲಿದ್ದಲಿನ ಸಾರ್ ಪ್ರದೇಶವನ್ನು ಫ್ರಾನ್ಸ್ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. 1950ರ ಜನವರಿಯಲ್ಲಿ ಶೂಮಾನ್ ಬಾನ್‌ಗೆ ಹೋದಾಗ, ಈ ಸಾರ್ ವಿಚಾರವೇ ಮಾತುಕತೆಯನ್ನು ಕಹಿಗೊಳಿಸಿತು.

ಆಗ ಜಾನ್ ಮೊನೆ ಎಂಬ ಅಧಿಕಾರಿ ಒಂದು ಯೋಜನೆ ತಂದರು: ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆ ಒಂದೇ ಜಂಟಿ ಪ್ರಾಧಿಕಾರದ ಕೆಳಗಿರಲಿ. ಇವೆರಡಿಲ್ಲದೆ ಆಯುಧ ತಯಾರಾಗದು. ಇವೇ ಹಂಚಿಕೆಯಾದರೆ ಗುಟ್ಟಾಗಿ ಯುದ್ಧಕ್ಕೆ ಸಿದ್ಧವಾಗುವುದು ಹೇಗೆ? ರಾಜಕೀಯ ಹೊಣೆಯನ್ನು ಶೂಮಾನ್ ಹೊತ್ತರು. ಜರ್ಮನಿಯ ಚಾನ್ಸಲರ್ ಆಡೆನವರ್ ಅವರಿಗೆ ಖಾಸಗಿಯಾಗಿ ತಿಳಿಸಿ, ಒಪ್ಪಿಗೆ ಪಡೆದು, 1950ರ ಮೇ 9ರ ಸಂಜೆ ಪ್ಯಾರಿಸ್‌ನಲ್ಲಿ ಅದನ್ನು ಸಾರಿದರು.

1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಈ 6 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ಐರೋಪ್ಯ ಒಕ್ಕೂಟದ ಬೇರು ಅಲ್ಲಿದೆ. ಎಲ್ಲವೂ ಸುಗಮವಾಗಲಿಲ್ಲ. ಜಂಟಿ ಸೈನ್ಯದ ಯೋಜನೆಯನ್ನು 1954ರಲ್ಲಿ ಫ್ರೆಂಚ್ ಸಂಸತ್ತೇ ಕೈಬಿಟ್ಟಿತು. ಸಾರ್ ಮಾತ್ರ ಜನರ ಇಚ್ಛೆಯಂತೆ 1957ರಲ್ಲಿ ಶಾಂತಿಯಿಂದ ಜರ್ಮನಿಗೆ ಸೇರಿತು. ಹಿಂದಾಗಿದ್ದರೆ ಅದಕ್ಕಾಗಿ ರಕ್ತ ಹರಿಯುತ್ತಿತ್ತೇನೋ.

ಶೂಮಾನ್ 1963ರ ಸೆಪ್ಟೆಂಬರ್ 4ರಂದು ಕಣ್ಮುಚ್ಚಿದರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಶೂಮಾನರ ವೀರೋಚಿತ ಸದ್ಗುಣಗಳನ್ನು ಮಾನ್ಯಮಾಡಿದರು.

ಓದುಗರೇ, ಶೂಮಾನ್ ಶತ್ರುವಿಗೆ ಕೇವಲ ಒಳ್ಳೆಯ ಮಾತು ಹೇಳಲಿಲ್ಲ. ಅವನೊಡನೆ ಹಂಚಿಕೊಂಡು ಮಾಡಬೇಕಾದ ಕೆಲಸವೊಂದನ್ನು ಹುಡುಕಿದರು. ಕ್ಷಮೆಗೂ ಕೈಕಾಲು ಬೇಕು. ಪಾಲಿನ ಜಗಳದಲ್ಲಿ ದೂರವಾದ ಅಣ್ಣತಮ್ಮಂದಿರು ನಿಮ್ಮ ಮನೆಯಲ್ಲಿದ್ದರೆ, ಇಬ್ಬರೂ ಸೇರಿ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದೆಂದು ಈ ವಾರ ಯೋಚಿಸಿ ನೋಡಿ.