ಫಾದರ್ ಮುಲ್ಲರ್: ಸೇವೆಯೇ ಸಾಕ್ಷಿಯಾದ ಬದುಕು

ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಕೇಳದವರು ಕರಾವಳಿಯಲ್ಲಿ ವಿರಳ. ಆದರೆ ಆ ಹೆಸರಿನ ಹಿಂದಿರುವ ಗುರುವನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ವಂದನೀಯ ಅಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದರು. 1878ರ ಕೊನೆಯ ದಿನ ಯೇಸುಸಭೆಯ ಮೊದಲ ತಂಡದೊಂದಿಗೆ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಬೋಧಿಸುತ್ತಲೇ ತಮ್ಮಲ್ಲಿದ್ದ ಹೋಮಿಯೋಪಥಿ ಔಷಧಿಗಳನ್ನು ಹಂಚತೊಡಗಿದರು. ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಅವರು ತೆರೆದ ಔಷಧಾಲಯವೇ ಇಂದಿನ ಸಂಸ್ಥೆಯ ಬೀಜ.

ಅಂದು ಕುಷ್ಠರೋಗಕ್ಕೆ ಮದ್ದಿರಲಿಲ್ಲ. ರೋಗ ತಗಲಿದವರನ್ನು ಮನೆಯವರೇ ಹೊರಗಿಡುತ್ತಿದ್ದ ಕಾಲವದು. 1890ರಲ್ಲಿ ಫಾದರ್ ಮುಲ್ಲರ್ ಅವರಿಗಾಗಿಯೇ ಸಂತ ಜೋಸೆಫರ ಹೆಸರಿನಲ್ಲಿ ಆಶ್ರಯಧಾಮ ಆರಂಭಿಸಿದರು. 1902ರಲ್ಲಿ ಪ್ಲೇಗ್ ಹರಡಿದಾಗ ಪ್ಲೇಗ್ ರೋಗಿಗಳಿಗೂ ಆಸ್ಪತ್ರೆ ತೆರೆದರು. ಹೊರಗಿನ ಊರುಗಳಿಗೆ ಔಷಧಿ ಮಾರಿ ಬಂದ ಹಣ ಬಡವರ ಆರೈಕೆಗೆ ಸಲ್ಲುತ್ತಿತ್ತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ಪ್ರಭುವಿನಲ್ಲಿ ವಿಶ್ರಾಂತಿ ಪಡೆದರು.

ಗುಣಪಡಿಸಲು ಸಾಧ್ಯವೇ ಎಂದು ಕೇಳಿ ಅವರು ರೋಗಿಯ ಬಳಿ ಹೋಗಲಿಲ್ಲ. ಗುಣವಾಗದವರಿಗೂ ಸೂರು ಬೇಕು, ಆರೈಕೆ ಬೇಕು ಎಂದು ಅರಿತಿದ್ದರು. ನಮ್ಮಲ್ಲಿ ಅನೇಕರು ಹಿಂದೆ ಸರಿಯುವುದು ಇಲ್ಲಿಯೇ. ವಾಸಿಯಾಗದ ಕಾಯಿಲೆಯವರ ಮನೆಗೆ ಹೋಗಿ ಮಾಡುವುದೇನು ಎಂದುಕೊಂಡು ನಾವು ಸುಮ್ಮನಿರುತ್ತೇವೆ.

ಆಸ್ಪತ್ರೆ ಕಟ್ಟುವುದು ಎಲ್ಲರಿಂದಾಗದು. ಆದರೆ ಹಾಸಿಗೆ ಹಿಡಿದು ಬಲಿಪೂಜೆಗೆ ಬರಲಾಗದವರು ನಮ್ಮ ಪ್ರತಿ ವಾರ್ಡಿನಲ್ಲೂ ಇದ್ದಾರೆ. ಈ ಭಾನುವಾರ ದೇವಾಲಯದಿಂದ ಹಿಂದಿರುಗುವಾಗ ಅಂಥ ಒಂದು ಮನೆಯ ಬಾಗಿಲು ತಟ್ಟೋಣ. ನಮ್ಮ ವಿಶ್ವಾಸ ಅಲ್ಲಿ ಕಾಣಲಿ.