ಪೂಸಾದ ಕುದುರೆ ವೈದ್ಯ

ಪೂಸಾ ಎಂದೊಡನೆ ನಮಗೆ ನೆನಪಾಗುವುದು ಬಾಸುಮತಿ ಅಕ್ಕಿ, ಇಲ್ಲವೇ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ. ವಾಸ್ತವವಾಗಿ ಅದು ಬಿಹಾರದ ಒಂದು ಊರಿನ ಹೆಸರು. 1905ರಲ್ಲಿ ಅಲ್ಲಿ ಆರಂಭವಾದ ಸಂಸ್ಥೆ 1934ರ ಭೂಕಂಪದಿಂದ ಹಾನಿಗೊಂಡು, ಎರಡು ವರ್ಷಗಳ ಬಳಿಕ ದೆಹಲಿಗೆ ಬಂದಾಗ ಊರಿನ ಹೆಸರನ್ನೂ ಹೊತ್ತು ತಂದಿತು. ಅದಕ್ಕೂ ಶತಮಾನದ ಹಿಂದೆ ಅದೇ ಪೂಸಾದಲ್ಲಿ ಬೆಳೆಯ ಬದಲು ಕುದುರೆಯ ತಳಿ ಸುಧಾರಿಸುವ ಪ್ರಯೋಗ ನಡೆದಿತ್ತು. ಆ ಪ್ರಯೋಗದ ಹೊಣೆ ಹೊತ್ತಿದ್ದವನು ವಿಲಿಯಂ ಮೂರ್‌ಕ್ರಾಫ್ಟ್. ಚರಿತ್ರೆಯಲ್ಲಿ ಆತ ಹಿಮಾಲಯದಾಚೆಯ ಅನ್ವೇಷಕನೆಂದು ಪ್ರಸಿದ್ಧ. ನನಗೆ ಮಾತ್ರ ಆತ ಕುದುರೆ ವೈದ್ಯನಾಗಿಯೇ ಹೆಚ್ಚು ಮುಖ್ಯನೆನಿಸುತ್ತಾನೆ.

ಆತನ ಕುರಿತು ಮತ್ತೆ ಓದಲು ಪ್ರೇರಣೆಯಾದದ್ದು 2023ರ ಸೆಪ್ಟೆಂಬರ್‌ನ ಒಂದು ಸುದ್ದಿ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್ ಸ್ಪರ್ಧೆಯಲ್ಲಿ, ಅಂದರೆ ಸವಾರನ ಸೂಕ್ಷ್ಮ ಸೂಚನೆಗೆ ಕುದುರೆ ಲಯಬದ್ಧವಾಗಿ ಹೆಜ್ಜೆಯಿಡುವ ಸ್ಪರ್ಧೆಯಲ್ಲಿ, ಭಾರತ ತಂಡ ಚಿನ್ನ ಗೆದ್ದಿತು. 1982ರ ದೆಹಲಿ ಕೂಟದ ತರುವಾಯ, 41 ವರ್ಷಗಳಲ್ಲಿ ಕುದುರೆ ಸವಾರಿಯಲ್ಲಿ ದೊರೆತ ಮೊದಲ ಚಿನ್ನವದು. ಸವಾರರು ನಮ್ಮವರು, ಕುದುರೆಗಳು ಯೂರೋಪಿನಲ್ಲಿ ಹುಟ್ಟಿದವು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರಲ್ಲಿ ಜಕಾರ್ತಾದಲ್ಲಿ ಬೆಳ್ಳಿ ಗೆದ್ದಾಗಲೂ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂತಿಮ ಹಂತ ತಲುಪಿದಾಗಲೂ ಕುದುರೆ ವಿದೇಶದ್ದೇ. ಇದು ಸವಾರರ ಮೇಲಿನ ಆಕ್ಷೇಪವಲ್ಲ. ವಿಜಯನಗರದ ಅರಸರೂ ಅರಬ್ಬಿ ಕುದುರೆಗಳಿಗಾಗಿ ಪಶ್ಚಿಮ ಕರಾವಳಿಯ ಬಂದರುಗಳತ್ತ ಮುಖಮಾಡಿ ಅಪಾರ ಹಣ ಸುರಿದರು. ಕುದುರೆಯನ್ನು ಕೊಳ್ಳುವುದು ನಮಗೆ ರೂಢಿ, ಬೆಳೆಸುವುದು ಅಪರೂಪ. ಬಾಲ್ಯದಲ್ಲಿ ಬಸ್ಸಿನ ಕಿಟಕಿಯಿಂದ ಕುಣಿಗಲ್ಲಿನ ಸ್ಟಡ್ ಫಾರ್ಮಿನ ಕುದುರೆಗಳನ್ನು ಕಾಣಲು ಕತ್ತು ಚಾಚುತ್ತಿದ್ದ ನನಗೆ, ಟಿಪ್ಪುವಿನ ಕಾಲದ ನಂಟಿರುವ ಆ ನೆಲವೂ ಕಡೆಗೆ ಜೂಜಿನ ಕುದುರೆಗಷ್ಟೇ ಹೆಸರಾದದ್ದು ವಿಚಿತ್ರವೆನಿಸುತ್ತದೆ.

ಮೂರ್‌ಕ್ರಾಫ್ಟ್ 1767ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದಲ್ಲಿ ಹುಟ್ಟಿದ. ಲಿವರ್‌ಪೂಲ್‌ನಲ್ಲಿ ಶಸ್ತ್ರವೈದ್ಯ ಕಲಿಯುತ್ತಿದ್ದಾಗ ದನಗಳಿಗೆ ಬಂದ ಸಾಂಕ್ರಾಮಿಕವೊಂದು ಆತನ ದಾರಿಯನ್ನೇ ಬದಲಿಸಿತು. ಮನುಷ್ಯರ ವೈದ್ಯನಾಗಬೇಕಿದ್ದವನು ಪ್ರಾಣಿಗಳ ವೈದ್ಯನಾಗಲು ಫ್ರಾನ್ಸಿನ ಲಿಯೋಂ ಪಶುವೈದ್ಯ ಶಾಲೆಗೆ ಹೋದ. ಪ್ರಾಣಿಚಿಕಿತ್ಸೆಯೆಂದರೆ ಲಾಳ ಕಟ್ಟುವವರ ಕಸುಬು ಎಂದೇ ಇಂಗ್ಲೆಂಡಿನ ಸಭ್ಯ ಸಮಾಜ ಭಾವಿಸಿದ್ದ ಕಾಲವದು. ಮರಳಿ ಬಂದು ಲಂಡನ್ನಿನಲ್ಲಿ ಹೆಸರು, ಹಣ ಎರಡನ್ನೂ ಗಳಿಸಿದ. ಯಂತ್ರದಿಂದ ಲಾಳ ತಯಾರಿಸುವ ಉದ್ಯಮಕ್ಕೆ ಕೈಹಾಕಿ ಹಣ ಕಳೆದುಕೊಂಡ. ಕೈಗೆತ್ತಿಕೊಂಡ ಕೆಲಸದ ಪಕ್ಕದಲ್ಲೇ ಅದಕ್ಕಿಂತ ದೊಡ್ಡದೊಂದನ್ನು ಕಾಣುವ ಚಪಲ ಆತನಿಗೆ ಆಗಲೇ ಇತ್ತು.

1808ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆತನನ್ನು ಪೂಸಾ ಅಶ್ವತಳಿ ಕೇಂದ್ರದ ಮೇಲ್ವಿಚಾರಕನನ್ನಾಗಿ ಕರೆಸಿಕೊಂಡಿತು. ಕಂಪನಿಯ ಅಶ್ವದಳಕ್ಕೆ ಎತ್ತರದ, ಗಟ್ಟಿ ಮೂಳೆಯ ಕುದುರೆಗಳು ಬೇಕಿದ್ದವು. ಮೂರ್‌ಕ್ರಾಫ್ಟ್ ಲಾಯಗಳನ್ನು ಸುಧಾರಿಸಿದ, ರೋಗಗಳನ್ನು ಹತೋಟಿಗೆ ತಂದ, ಮೇವಿಗಾಗಿ ಓಟ್ಸ್ ಬೆಳೆಸಿದ. ಇದೆಲ್ಲಕ್ಕಿಂತ ನನ್ನ ಗಮನ ಸೆಳೆಯುವುದು ಸುತ್ತಲಿನ ಜಿಲ್ಲೆಗಳಲ್ಲಿದ್ದ ಜಮೀನುದಾರಿ ತಳಿ ಪದ್ಧತಿ. ಹೆಣ್ಣುಕುದುರೆ ಹಳ್ಳಿಯವನ ಮನೆಯಲ್ಲಿ, ಬೀಜದ ಗಂಡುಕುದುರೆ ಕಂಪನಿಯದು, ಹುಟ್ಟಿದ ಮರಿಯನ್ನು ಕೊಳ್ಳುವ ಮೊದಲ ಹಕ್ಕೂ ಕಂಪನಿಯದೇ.

ಈ ಪದ್ಧತಿ ಅರ್ಥಹೀನವಾದದ್ದೇನಲ್ಲ. ಬ್ರಿಟನ್ನಿನ ದೊರೆಯೂ ಹ್ಯಾನೋವರ್‌ನ ಒಡೆಯನೂ ಆಗಿದ್ದ ಎರಡನೆಯ ಜಾರ್ಜ್ 1735ರಲ್ಲಿ ಜರ್ಮನಿಯ ಸೆಲ್ಲೆ ಪಟ್ಟಣದಲ್ಲಿ ಹೆಚ್ಚುಕಡಿಮೆ ಇದನ್ನೇ ಆರಂಭಿಸಿದ್ದ. ಸರ್ಕಾರದ ಗಂಡು, ರೈತನ ಹೆಣ್ಣು. ಅಲ್ಲಿ ಮರಿಗಳ ವಂಶಾವಳಿಯನ್ನು ತಲೆಮಾರುಗಟ್ಟಲೆ ಬರೆದಿಟ್ಟರು. ಸೈನ್ಯಕ್ಕೆ ಕುದುರೆ ಬೇಡವಾದ ಮೇಲೆ ಅದೇ ತಳಿಯನ್ನು ಕ್ರೀಡೆಗೆ ಹದಗೊಳಿಸಿದರು. ಇಂದು ಹ್ಯಾನೋವರಿಯನ್ ಕುದುರೆಯಿಲ್ಲದ ಒಲಿಂಪಿಕ್ಸನ್ನು ಊಹಿಸುವುದೂ ಕಷ್ಟ. ಪೂಸಾದ ಕುದುರೆ ಕೇಂದ್ರವಾದರೋ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಚ್ಚಿಹೋಯಿತು. ಹಳ್ಳಿಯವನಿಗೆ ಕುದುರೆಯೆಂಬುದು ದೊರೆಗಳ ಸೈನ್ಯದ ಸರಕಾಗಿತ್ತೇ ವಿನಾ ಆತನ ಸ್ವಂತ ಬದುಕಿನ ಭಾಗವಾಗಿರಲಿಲ್ಲ. ವ್ಯತ್ಯಾಸದ ಮೂಲ ಅಲ್ಲಿದೆ ಎಂಬುದು ನನ್ನ ಅಂದಾಜು.

ಮೂರ್‌ಕ್ರಾಫ್ಟ್‌ಗಾದರೂ ಆ ತಾಳ್ಮೆ ಇತ್ತೇ? ಒಳ್ಳೆಯ ಗಂಡುಕುದುರೆಗಳಿಲ್ಲದೆ ತಳಿ ಏಳದೆಂಬ ಆತನ ತೀರ್ಮಾನ ಸರಿಯಾದದ್ದೇ. ಅವನ್ನು ಹುಡುಕಿ 1811ರಲ್ಲಿ ಉತ್ತರ ಭಾರತ ಸುತ್ತಿದ. ಮನಸ್ಸಿಗೆ ಒಪ್ಪುವಂಥವು ಸಿಗಲಿಲ್ಲ. ತುರ್ಕಮನ್ ಕುದುರೆಗಳ ನೆಲೆಯಾದ ಬುಖಾರಾದಲ್ಲಿ ಸಿಗುತ್ತವೆಂಬ ನಂಬಿಕೆ ಬೇರೂರಿತು. 1812ರಲ್ಲಿ ಗೋಸಾಯಿಯ ವೇಷ ತೊಟ್ಟು, ಹಿಯರ್ಸಿ ಎಂಬ ಸಂಗಾತಿಯೊಡನೆ ನೀತಿ ಕಣಿವೆ ದಾಟಿ ಮಾನಸ ಸರೋವರದವರೆಗೆ ಹೋದ. ಮರಳಿ ತಂದದ್ದು ಕುದುರೆಗಳನ್ನಲ್ಲ, ಪಶ್ಮೀನಾ ಆಡುಗಳನ್ನು!

1819ರಲ್ಲಿ ಮತ್ತೆ ಹೊರಟವನು ಪೂಸಾಕ್ಕೆ ಮರಳಲಿಲ್ಲ. ಲಡಾಖಿನಲ್ಲೇ ಸುಮಾರು ಎರಡು ವರ್ಷ ಕಳೆದ. ಅಲ್ಲಿನವರ ಕಣ್ಣಿನ ಪೊರೆ ತೆಗೆದ, ಶಾಲಿನ ವ್ಯಾಪಾರ ಅಭ್ಯಸಿಸಿದ, ಕಂಪನಿಯ ಅನುಮತಿಯಿಲ್ಲದೆ ವಾಣಿಜ್ಯ ಒಪ್ಪಂದ ಮಾಡಿಕೊಂಡ. ಕಂಪನಿ ಅದನ್ನು ತಿರಸ್ಕರಿಸಿತು. ಕಾಶ್ಮೀರ, ಕಾಬೂಲ್‌ಗಳನ್ನು ಹಾದು 1825ರ ಫೆಬ್ರವರಿ 25ರಂದು ಬುಖಾರಾ ತಲುಪಿದಾಗ, ಹೊರಟು ಐದು ವರ್ಷ ದಾಟಿತ್ತು. ದೊರೆತ ಕುದುರೆಗಳು ಬೆರಳೆಣಿಕೆಯಷ್ಟು. ಆತನ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ಈ ಅವಧಿಯಲ್ಲಿ ಪೂಸಾದ ಲಾಯದಲ್ಲಿ ಎಷ್ಟು ಮರಿಗಳು ಹುಟ್ಟಿ ಬೆಳೆದಿರಬಹುದೆಂಬ ಲೆಕ್ಕ ನನ್ನನ್ನು ಕಾಡುತ್ತದೆ.

ಪಶುವೈದ್ಯನಾಗಿ ಆತ ಎದುರಿಸಿದ ರೋಗದ ಸಮಸ್ಯೆ ಇಂದಿಗೂ ನಮ್ಮ ಬೆನ್ನು ಬಿಟ್ಟಿಲ್ಲ. ಸಾಂಕ್ರಾಮಿಕ ರೋಗಗಳ ಭೀತಿಯಿಂದಾಗಿ ಭಾರತದ ಕುದುರೆಗಳಿಗೆ ವಿದೇಶಿ ಕೂಟಗಳ ಬಾಗಿಲು ಬಹುಕಾಲ ತೆರೆಯಲಿಲ್ಲ. ನಮ್ಮ ಸವಾರರು ಯೂರೋಪಿನಲ್ಲಿ ನೆಲೆಸಿ ಅಲ್ಲಿನ ಕುದುರೆಯೇರಿದ್ದಕ್ಕೆ ಇದೂ ಒಂದು ಕಾರಣ. 2025ರ ಜುಲೈಯಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದ ರೋಗಮುಕ್ತ ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತಿದೆ. ಬಾಗಿಲು ತುಸು ಸರಿದಂತಾಯಿತು. ಅದನ್ನು ದಾಟಿ ಹೋಗಬೇಕಾದ, ಇಲ್ಲೇ ಹುಟ್ಟಿದ ಕ್ರೀಡಾಕುದುರೆ ಯಾರ ಹಟ್ಟಿಯಲ್ಲಿ ಬೆಳೆಯಬೇಕೆಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಿದಂತಿಲ್ಲ.

ಬುಖಾರಾದಿಂದ ಹಿಂದಿರುಗುವಾಗ, ಇನ್ನಷ್ಟು ಕುದುರೆಗಳ ಆಸೆಯಿಂದ ಮೂರ್‌ಕ್ರಾಫ್ಟ್ ಆಫ್ಘನ್ ಸೀಮೆಯ ಅಂದ್‌ಖುಯಿಗೆ ಹೋದ. 1825ರ ಆಗಸ್ಟ್ 27ರಂದು ಜ್ವರದಿಂದ ಅಲ್ಲೇ ತೀರಿಕೊಂಡ. ದೇಹವನ್ನು ಬಾಲ್ಖ್‌ಗೆ ತಂದು ಮಣ್ಣು ಮಾಡಿದರು. ಜೊತೆಗಾರ ಜಾರ್ಜ್ ಟ್ರೆಬೆಕ್ ಕೂಡ ಕೆಲವೇ ತಿಂಗಳಲ್ಲಿ ಕಾಲವಾದ. ಚದುರಿಹೋಗಿದ್ದ ದಿನಚರಿಯ ಕಾಗದಗಳನ್ನು ಕಲೆಹಾಕಿ ಗ್ರಂಥವಾಗಿ ಅಚ್ಚು ಹಾಕಿಸಿದಾಗ 1841 ಬಂದಿತ್ತು.